ಸಂಡೇ ಸ್ಕೂಲ್ ನಡೆಸುವುದು ಹೇಗೆ: ಸಕಲೇಶಪುರದ ಕಡೆಯ ಒಬ್ಬ ಟೀಚರ್ ಬರೆದ ಕೈಪಿಡಿ

ಆರಾಧನೆ ಮುಗಿದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಅಯ್ಯನವರು (ಚರ್ಚಿನ ಪಾದ್ರಿಗಳು) ಪಕ್ಕಕ್ಕೆ ಕರೆದು, "ಮುಂದಿನ ವಾರದಿಂದ ಮಕ್ಕಳನ್ನ ನೀವೇ ನೋಡ್ಕೊಳ್ಳಿಯಮ್ಮ" ಅನ್ನುತ್ತಾರೆ. ಸಣ್ಣ ಸಭೆಗಳಲ್ಲಿ ಸಂಡೇ ಸ್ಕೂಲ್ ಟೀಚರ್ ಆಗುವುದು ಸಾಮಾನ್ಯವಾಗಿ ಹೀಗೇ. ನಾನೂ ಹೀಗೇ ಆದೆ. ಮೊದಲ ಭಾನುವಾರ ಆದಿಕಾಂಡದ ಏಳು ದಿನಗಳ ಸೃಷ್ಟಿಯನ್ನು ಒಂದೇ ಪಟ್ಟಿಗೆ ಮುಕ್ಕಾಲು ಗಂಟೆ ಹೇಳಿದೆ. ಮೂರನೇ ದಿನಕ್ಕೆ ಬರುವಷ್ಟರಲ್ಲಿ ಇಬ್ಬರು ನಿದ್ದೆ ಹೋಗಿದ್ದರು, ಒಬ್ಬ ಬೆಂಚಿನ ಕೆಳಗೆ ಸೇರಿದ್ದ. ಕೊನೆಗೆ "ಇದರಿಂದ ನಾವೇನು ಕಲಿತೆವು?" ಎಂದು ಕೇಳಿದಾಗ ಒಬ್ಬಳು ಹುಡುಗಿ ಎದ್ದು ನಿಂತು "ದೇವರಿಗೆ ವಿಧೇಯರಾಗಿರಬೇಕು ಮಿಸ್" ಅಂದಳು. ಯಾವ ಕಥೆಗೆ ಕೇಳಿದರೂ ಅವಳ ಉತ್ತರ ಅದೇ ಎಂದು ಆಮೇಲೆ ಗೊತ್ತಾಯಿತು. ಆವತ್ತಿನಿಂದ ಆ ಪ್ರಶ್ನೆಯನ್ನೇ ಬಿಟ್ಟೆ. ಮುಂದೆ ಬರೆದಿರುವುದೆಲ್ಲ ಅದನ್ನು ಬಿಟ್ಟ ಮೇಲೆ ಕಲಿತದ್ದು.

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕಡೆಯ ಪದ್ಧತಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಇದೇ ಕೆಲಸಕ್ಕೆ ಕ್ಯಾಟಕಿಸಂ ಎನ್ನುತ್ತಾರೆ. ಅಲ್ಲಿ ಪಾಠದ ಕ್ರಮ ಬೇರೆ, ಆದರೆ ಕಥೆ ಹೇಳುವ ಕಷ್ಟ ಇಬ್ಬರಿಗೂ ಒಂದೇ.

1. ಒಪ್ಪಿಕೊಳ್ಳುವ ಮುಂಚೆ ಇತ್ಯರ್ಥ ಮಾಡಿಕೊಳ್ಳಿ

ಎಲ್ಲಿ, ಎಷ್ಟು ಹೊತ್ತು, ಜೊತೆಗೆ ಯಾರು, ಬೀಗದ ಕೈ ಯಾರ ಹತ್ತಿರ. ಈ ನಾಲ್ಕಕ್ಕೂ ಉತ್ತರ ಸಿಗದೆ ಹೂಂ ಅನ್ನಬೇಡಿ. ದೊಡ್ಡವರಿಗೆ ಪ್ರಸಂಗ ನಡೆಯುವಾಗಲೇ ಮಕ್ಕಳ ತರಗತಿ ಇಟ್ಟರೆ ಟೀಚರಿಗೆ ವರ್ಷವಿಡೀ ಪ್ರಸಂಗ ಕೇಳುವ ಭಾಗ್ಯ ಇಲ್ಲ. ಆರಾಧನೆಗೆ ಮುಂಚೆ ಇಟ್ಟರೆ ಎಸ್ಟೇಟಿನ ಮಕ್ಕಳಿಗೆ ಬಸ್ ಇರುವುದಿಲ್ಲ. ನಾವು ಆರಾಧನೆ ಮುಗಿದ ಮೇಲೆ ಒಂದು ಗಂಟೆ ಇಟ್ಟುಕೊಂಡೆವು. ಮಕ್ಕಳಿಗೆ ಹಸಿವಾಗಿರುತ್ತದೆ, ಅದಕ್ಕೆ ಕಡ್ಲೆಪುರಿ ಸಾಕು.

ಜೊತೆಗೆ ಇನ್ನೊಬ್ಬರು ಇರಲೇಬೇಕು. ಟೀಚರ್ ಎಷ್ಟೇ ಒಳ್ಳೆಯವರಾದರೂ, ಅಯ್ಯನವರ ಮನೆಯವರೇ ಆದರೂ, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ದೊಡ್ಡವರು ಮಕ್ಕಳೊಂದಿಗೆ ಇರುವ ಏರ್ಪಾಡು ಬೇಡ. ಬಾಗಿಲು ತೆರೆದಿರಲಿ. ಚಿಕ್ಕ ಮಗುವನ್ನು ಶೌಚಕ್ಕೆ ಕರೆದೊಯ್ಯುವಾಗ ಇನ್ನೊಬ್ಬರಿಗೆ ಹೇಳಿ ಹೋಗಿ. ಮಕ್ಕಳ ಫೋಟೋವನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಯಾವುದಾದರೂ ಮಗು ಮನೆಯಲ್ಲೋ ಬೇರೆಲ್ಲೋ ತನಗೆ ಆಗುತ್ತಿರುವ ಹಿಂಸೆಯ ಮಾತು ಎತ್ತಿದರೆ "ಛೆ, ಹಾಗೆಲ್ಲ ಹೇಳಬಾರದು" ಅನ್ನಬೇಡಿ, ಕೂತು ಕೇಳಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮರ್ಯಾದೆ ಅಂತ ಒಳಗೊಳಗೇ ಮುಗಿಸಲು ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.

2. ಬರುವ ಮಕ್ಕಳು ಯಾರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ

ಹಾಜರಿ ಪುಸ್ತಕ ಎಲ್ಲ ಸಭೆಯಲ್ಲೂ ಇರುತ್ತದೆ. ನಾನು ಹೇಳುತ್ತಿರುವುದು ಬೇರೆ ಪುಸ್ತಕ. ಒಂದೊಂದು ಮಗುವಿಗೆ ಅರ್ಧ ಪುಟ. ಮನೆಯಲ್ಲಿ ಯಾವ ಮಾತು, ಕನ್ನಡ ಓದಲು ಬರುತ್ತದೆಯೇ, ಏನು ತಿಂದರೆ ಆಗುವುದಿಲ್ಲ, ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಯಾವ ದಾರಿಯಲ್ಲಿ ಹೋಗುತ್ತಾರೆ. ದಾರಿಯನ್ನು ಯಾಕೆ ಕೇಳಬೇಕೆಂದು ಬಯಲುಸೀಮೆಯವರಿಗೆ ಆಶ್ಚರ್ಯ ಆಗಬಹುದು. ಆಲೂರು, ಸಕಲೇಶಪುರದ ಕಡೆ ಆನೆ ತೋಟಕ್ಕಿಳಿದಿದೆ ಅಂದರೆ ಅವತ್ತು ತರಗತಿ ಅರ್ಧಕ್ಕೇ ಮುಗಿಯುತ್ತದೆ. ಮಧ್ಯಾಹ್ನದ ಬಿಸಿಲಿರುವಾಗಲೇ ಮಕ್ಕಳು ಮನೆ ಸೇರಬೇಕು.

ಓದು ಬರುತ್ತದೆಯೇ ಎಂಬ ಪ್ರಶ್ನೆಯ ಹಿಂದೆ ಒಂದು ತಮಾಷೆ ಇದೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆರೆದರೆ ತಡವರಿಸುತ್ತಾರೆ. ಲೈನ್ ಮನೆಯಿಂದ (ತೋಟದ ಕೂಲಿಯವರ ಸಾಲುಮನೆಯಿಂದ) ಬಂದು ಸರ್ಕಾರಿ ಶಾಲೆಯಲ್ಲಿ ಓದುವ ಹುಡುಗಿ ಗಟಗಟ ಓದಿಬಿಡುತ್ತಾಳೆ, ಮನೆಯಲ್ಲಿ ತಮಿಳೋ ತುಳುವೋ ಆಡಿದರೂ ಸರಿ. ವಾರದ ಆರು ದಿನ ಹಿಂದೆ ಕೂರುವ ಮಗು ಭಾನುವಾರ ಮುಂದೆ ಬರುತ್ತದೆ. ನಾನು ಬೇಕೆಂದೇ ಅವಳ ಕೈಗೆ ಪುಸ್ತಕ ಕೊಡುತ್ತೇನೆ. ತೋಟದ ಲೆಕ್ಕ ಬರೆಯುವ ರೈಟರ ಮಗ, ಸಾಹುಕಾರರ ಮೊಮ್ಮಗ, ಲೈನ್ ಮನೆಯ ಹುಡುಗಿ, ಯಾರ ಪಕ್ಕ ಯಾರು ಕೂರಬೇಕೆಂಬುದನ್ನು ಮಕ್ಕಳು ಮನೆಯಿಂದಲೇ ಕಲಿತು ಬಂದಿರುತ್ತಾರೆ. ಅದನ್ನು ಕಲಸಿ ಕೂರಿಸುವುದು ನಿಮ್ಮ ಕೆಲಸ. ಭಾಷಣ ಬೇಡ, ಬಣ್ಣದ ಚೀಟಿ ಹಂಚಿ, ಒಂದೇ ಬಣ್ಣದವರು ಒಟ್ಟಿಗೆ ಕೂರಲಿ.

ಸಂಡೇ ಸ್ಕೂಲ್ ಎಂಬುದು ಮೊದಲು ಬೆಳೆದದ್ದೂ ಓದು ಕಲಿಸುವುದಕ್ಕೆ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಒಡೆಯ ವಾರವೆಲ್ಲ ದುಡಿಯುವ ಬಡಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಅಕ್ಷರ ಕಲಿಸಲು ಏರ್ಪಾಡು ಮಾಡಿದ. ಹಾಗಾಗಿ ಹತ್ತು ನಿಮಿಷ ಕನ್ನಡ ಓದಿಸಿದರೆ "ಪಾಠದ ಹೊತ್ತು ಹಾಳಾಯಿತು" ಎನ್ನುವ ಹಿರಿಯರಿಗೆ ಈ ವಿಷಯ ಹೇಳಿ.

ಅಕ್ಕಪಕ್ಕದ ಬೇರೆ ಧರ್ಮದ ಮಕ್ಕಳೂ ಗೆಳೆಯರ ಹಿಂದೆ ಬಂದುಬಿಡುತ್ತಾರೆ. ಅವರ ಅಪ್ಪ ಅಮ್ಮನಿಗೆ ಗೊತ್ತಿದೆಯೇ ಎಂದು ನೀವೇ ಹೋಗಿ ಕೇಳಿ. ಬೇಡ ಅಂದರೆ ಬೇಡ. ಚಾಕೊಲೇಟು, ಪೆನ್ಸಿಲ್ಲಿನ ಆಸೆ ತೋರಿಸಿ ಯಾರನ್ನೂ ಕರೆತರಬಾರದು. ಇದರಲ್ಲಿ ನಾನು ಬಲು ಕಟ್ಟುನಿಟ್ಟು.

3. ವರ್ಷದ ಪಟ್ಟಿ ಹಾಕಿ, ಕಾಫಿ ಕುಯ್ಲನ್ನು ಮರೆಯಬೇಡಿ

ಅಚ್ಚಾದ ಪಾಠಪುಸ್ತಕಗಳು ವರ್ಷಕ್ಕೆ ಐವತ್ತೆರಡು ಪಾಠ ಕೊಡುತ್ತವೆ. ನಮ್ಮಲ್ಲಿ ಐವತ್ತೆರಡು ಭಾನುವಾರ ಸಿಗುವುದಿಲ್ಲ. ಜುಲೈಯಲ್ಲಿ ಮಳೆ ಹಿಡಿದರೆ ಎರಡು ವಾರ ಯಾರೂ ಬರುವುದಿಲ್ಲ. ಅಕ್ಟೋಬರಿನಲ್ಲಿ ದಸರಾ ರಜೆ, ಮಕ್ಕಳು ಅಜ್ಜಿ ಮನೆಗೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೂ ಕುಯ್ಲು. ಕೆಲಸ ಬಿಗಿಯಾದಾಗ ಭಾನುವಾರವೂ ಅಪ್ಪ ಅಮ್ಮ ತೋಟದಲ್ಲಿರುತ್ತಾರೆ, ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಂಡು ಲೈನ್ ಮನೆಯಲ್ಲಿರುತ್ತಾಳೆ. ಅದೇ ತಿಂಗಳುಗಳಲ್ಲಿ ಕ್ರಿಸ್ಮಸ್ ನಾಟಕದ ರಿಹರ್ಸಲ್ಲೂ ಬರುತ್ತದೆ!

ವರ್ಷಕ್ಕೆ ಮೂವತ್ತು ಪಾಠ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳೆ ಒಡಂಬಡಿಕೆಯ (ಬೈಬಲಿನ ಮೊದಲ ಭಾಗದ) ಒಬ್ಬಿಬ್ಬರ ಕಥೆಯನ್ನು ಬಿಡಿಬಿಡಿಸಿ ಹೇಳಿ. ಯೋಸೇಫನೊಬ್ಬನಿಗೇ ಐದು ವಾರ ಹಿಡಿಯುತ್ತದೆ, ಹಿಡಿಯಲಿ. ಕುಯ್ಲಿನ ಕಾಲಕ್ಕೆ ಒಂದೊಂದೇ ವಾರದಲ್ಲಿ ಮುಗಿಯುವ ಸಾಮ್ಯಗಳನ್ನು (ಯೇಸು ಹೇಳಿದ ಚಿಕ್ಕ ಹೋಲಿಕೆಯ ಕಥೆಗಳನ್ನು) ಇಡಿ. ಹೋದ ವಾರ ಬಾರದ ಮಗುವಿಗೆ ದಾರ ತಪ್ಪುವುದಿಲ್ಲ. ಲೆಂಟ್‌ನಿಂದ (ಈಸ್ಟರಿಗೆ ಮುಂಚಿನ ಉಪವಾಸದ ಕಾಲದಿಂದ) ಈಸ್ಟರ್‌ವರೆಗೆ ಯೇಸುವಿನ ಕೊನೆಯ ದಿನಗಳು. ಏಪ್ರಿಲ್-ಮೇಯಲ್ಲಿ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಇದ್ದರೆ ಅದರದ್ದೇ ಪುಸ್ತಕ ಇರುತ್ತದೆ.

ಯಾವ ಕಥೆ ಯಾರಿಗೆ ಎಂಬುದರಲ್ಲಿ ನನಗೊಂದು ಹಟ ಇದೆ. ಅಬ್ರಹಾಮ ಇಸಾಕನನ್ನು ಬಲಿ ಕೊಡಲು ಕರೆದೊಯ್ದ ಕಥೆಯನ್ನು ಎಂಟು ವರ್ಷದೊಳಗಿನವರಿಗೆ ಹೇಳುವುದಿಲ್ಲ. ದೊಡ್ಡವರಿಗೆ ಅದು ನಂಬಿಕೆಯ ಕಥೆ. ಚಿಕ್ಕವರ ಕಿವಿಗೆ ಅದು ಅಪ್ಪ ಚಾಕು ಎತ್ತಿದ ಕಥೆ. ನರಕದ ಬೆಂಕಿ ತೋರಿಸಿ ಹೆದರಿಸುವುದೂ ಬೇಡ. ರಾತ್ರಿ ಹಾಸಿಗೆ ಒದ್ದೆಯಾದರೆ ಒಗೆಯುವವರು ಅವರ ಅಮ್ಮಂದಿರು.

4. ಸೋಮವಾರ ಓದಿ, ಶನಿವಾರ ಪುಸ್ತಕ ಮುಚ್ಚಿ ಹೇಳಿ ನೋಡಿ

ತಯಾರಿ ಶನಿವಾರ ರಾತ್ರಿಯ ಕೆಲಸವಲ್ಲ. ಸೋಮವಾರ ಆ ಭಾಗವನ್ನು ಸತ್ಯವೇದದಿಂದಲೇ ಒಮ್ಮೆ ಓದಿ. ಪಾಠಪುಸ್ತಕದ ಸಾರಾಂಶದಿಂದ ಶುರು ಮಾಡಬೇಡಿ, ಏಕೆಂದರೆ ರುಚಿ ಇರುವುದೆಲ್ಲ ಸಾರಾಂಶದಲ್ಲಿ ಬಿಟ್ಟುಹೋದ ಚೂರುಗಳಲ್ಲಿ. ಬಿರುಗಾಳಿಯ ದೋಣಿಯಲ್ಲಿ ಯೇಸು ನಿದ್ದೆ ಮಾಡಿದ್ದು ತಲೆದಿಂಬಿನ ಮೇಲೆ ಎಂದು ಸುವಾರ್ತೆ ಬರೆದ ಮಾರ್ಕನು ಬರೆಯುತ್ತಾನೆ. ಐದು ರೊಟ್ಟಿ ಎರಡು ಮೀನು ಒಬ್ಬ ಹುಡುಗನ ಹತ್ತಿರ ಇದ್ದವು, ಆ ರೊಟ್ಟಿ ಜವೆಗೋಧಿಯದು ಎಂದು ಹೇಳುವವನು ಯೋಹಾನನೊಬ್ಬನೇ. ಮಕ್ಕಳು ವರ್ಷ ಕಳೆದ ಮೇಲೂ ನೆನಪಿಟ್ಟುಕೊಳ್ಳುವುದು ಆ ದಿಂಬನ್ನು, ಆ ಹುಡುಗನನ್ನು.

ವಾರದ ನಡುವೆ ಅಡುಗೆ ಮಾಡುತ್ತಾ, ಬಸ್ಸಿಗೆ ಕಾಯುತ್ತಾ ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಶನಿವಾರ ಪುಸ್ತಕ ಮುಚ್ಚಿಟ್ಟು ಮನೆಯಲ್ಲಿ ಯಾರಿಗಾದರೂ ಹತ್ತು ನಿಮಿಷದಲ್ಲಿ ಹೇಳಿ. ಎಲ್ಲಿ ತಡವರಿಸಿದಿರೋ ಅಲ್ಲಿ ಮತ್ತೆ ಓದಿ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಹಳೆಯ ಅನುವಾದದ "ಹೇಳಿದ್ದೇನಂದರೆ", "ಮಾಡುವದಕ್ಕೆ" ನನಗೆ ಬಲು ಇಷ್ಟ, ಅಜ್ಜಿಯ ದನಿ ಕೇಳಿದ ಹಾಗಾಗುತ್ತದೆ. ಆದರೆ ಕಥೆಯನ್ನು ಮನೆಮಾತಿನ ಕನ್ನಡದಲ್ಲೇ ಹೇಳಿ. ಕಂಠಪಾಠದ ವಾಕ್ಯಕ್ಕೆ ಮಾತ್ರ ಹಳೆಯ ಅನುವಾದ ಇರಲಿ, ಅದರ ಲಯ ನಾಲಿಗೆಗೆ ಕೂರುತ್ತದೆ.

5. ಕಥೆಯನ್ನು ಊರಿನ ನೆಲದ ಮೇಲೆ ನಿಲ್ಲಿಸಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಸತ್ಯವೇದದ ಊರು ಮಕ್ಕಳಿಗೆ ದೂರದ್ದು, ಆದರೆ ಅದರಲ್ಲಿ ಇರುವುದು ಹೊಲ, ಕುರಿ, ಕೂಲಿ, ಬೀಜ, ಮೀನು, ದೀಪ. ಹಾಸನ ಜಿಲ್ಲೆಯ ಮಗುವಿಗೆ ಇದರಲ್ಲಿ ಅರ್ಧದಷ್ಟನ್ನು ನೀವು ವಿವರಿಸಬೇಕಿಲ್ಲ.

ಅಳತೆಯಿಂದ ಶುರು ಮಾಡಿ. ನೋಹನ ನಾವೆ ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರ. ಮೊಳ ಅಂದರೆ ಏನೆಂದು ಕೇಳಿ. ಸಂತೆಯಲ್ಲಿ ಹೂವಿನವರು ಕಾಕಡಾ ಅಳೆದು ಕೊಡುವುದನ್ನು ನೋಡಿದ ಮಗು ತಾನಾಗಿ ಮೊಣಕೈ ಚಾಚುತ್ತದೆ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ನಾವೆ ನಾನೂರೈವತ್ತು ಅಡಿ. ದಾರ ಹಿಡಿದುಕೊಂಡು ಚರ್ಚಿನ ಗೇಟಿನಿಂದ ರಸ್ತೆಯವರೆಗೆ ಅಳೆಯಿರಿ, ಎಲ್ಲಿಗೆ ಮುಗಿಯುತ್ತದೆ ನೋಡಿ. ದೈತ್ಯ ಗೊಲ್ಯಾತನು ಆರು ಮೊಳ ಒಂದು ಗೇಣು, ಅಂದರೆ ಒಂಬತ್ತೂವರೆ ಅಡಿಗೂ ಮೇಲೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಷ್ಟೆತ್ತರ ಗೀಟು ಹಾಕಿ, ಕೆಳಗೆ ಮಕ್ಕಳನ್ನು ನಿಲ್ಲಿಸಿ. ಅವತ್ತು ನನಗೆ ಸ್ಟೂಲ್ ಬೇಕಾಯಿತು. ಕಥೆಯ ಅರ್ಧ ಅಲ್ಲೇ ಮುಗಿಯಿತು. ಅವನನ್ನು ಬೀಳಿಸಿದ ದಾವೀದನ ಕವಣೆ ಮಾತ್ರ ವಿವರಿಸಬೇಕು, ಮಕ್ಕಳು ರಬ್ಬರ್ ಕಟ್ಟಿದ ಕವೆಕೋಲು ಅಂದುಕೊಳ್ಳುತ್ತಾರೆ. ಅದು ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಹಗ್ಗದ ಕವಣೆಯ ಜಾತಿಯದ್ದು. ದಾರದಲ್ಲಿ ಕಾಗದದ ಉಂಡೆ ಇಟ್ಟು ತೋರಿಸಿ. ಕಲ್ಲು ಬೇಡ, ಕಿಟಕಿ ಗಾಜಿನ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಬಿತ್ತುವವನ ಸಾಮ್ಯ ಹೇಳುವಾಗ ಅರಸೀಕೆರೆ ಕಡೆಯಿಂದ ಬಂದ ಒಬ್ಬ ಹುಡುಗ ತಕರಾರು ತೆಗೆದ. "ದಾರಿ ಮೇಲೆ, ಮುಳ್ಳಿನ ಮೇಲೆ ಯಾಕೆ ಬಿತ್ತಿದ ಮಿಸ್? ಅವನಿಗೆ ಕೂರಿಗೆ ಇರ್ಲಿಲ್ವಾ?" ಕೂರಿಗೆಯಲ್ಲಿ ಬಿತ್ತಿದರೆ ಕಾಳು ಸಾಲಾಗಿ ಮಣ್ಣಿನೊಳಗೇ ಬೀಳುತ್ತದೆ. ಸಾಮ್ಯದವನು ಕೈಯಲ್ಲಿ ಎರಚುವವನು, ಕೈಬೀಸಿಗೆ ಸಿಕ್ಕಲ್ಲೆಲ್ಲ ಬೀಳುತ್ತದೆ. ಹುಡುಗ ಅಲ್ಲಿಗೆ ಬಿಡಲಿಲ್ಲ. ಒಳ್ಳೆಯ ನೆಲದಲ್ಲಿ ಮೂವತ್ತು, ಅರುವತ್ತು, ನೂರರಷ್ಟು ಫಲ ಅಂದಾಗ, "ಅಷ್ಟೇನಾ? ನಮ್ ರಾಗಿ ಒಂದು ತೆನೇಲೇ ಅದಕ್ಕಿಂತ ಜಾಸ್ತಿ ಇರುತ್ತೆ" ಅಂದ. ನಿಜವೇ. ಅದು ಗೋಧಿ, ಜವೆಗೋಧಿ ಬೆಳೆಯುವ ಕಲ್ಲುನೆಲ, ಅಲ್ಲಿನ ರೈತನಿಗೆ ನೂರರಷ್ಟು ಅಂದರೆ ಕನಸಿನ ಬೆಳೆ ಎಂದು ಹೇಳಬೇಕಾಯಿತು. ಆ ಹುಡುಗನ ತಕರಾರು ಇಲ್ಲದಿದ್ದರೆ ನಾನೂ ಅದನ್ನು ಯೋಚಿಸುತ್ತಿರಲಿಲ್ಲ.

ಕುರುಬ ಅಂದರೆ ನಮ್ಮ ಸಕಲೇಶಪುರದ ಮಕ್ಕಳಿಗೆ ಚಿತ್ರ ಮೂಡುವುದು ಕಷ್ಟ, ತೋಟದ ಸೀಮೆಯಲ್ಲಿ ಕುರಿ ಹಿಂಡು ಕಡಿಮೆ. ಕಡೂರು, ಅರಸೀಕೆರೆ ಕಡೆ ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಹಾಕಿಸುತ್ತಾರಲ್ಲ, ಅದನ್ನು ನೋಡಿದ ಮಗುವಿಗೆ ಹೇಳಲು ಬಿಡಿ. ಕಂಬಳಿ ಹೊದ್ದವನು ಬಾಯಲ್ಲಿ ಒಂದು ಸದ್ದು ಮಾಡಿದರೆ ಅವನ ಕುರಿ ಮಾತ್ರ ತಿರುಗುತ್ತವೆ. ಯೋಹಾನ ಹತ್ತನೇ ಅಧ್ಯಾಯದಲ್ಲಿ ಕುರಿಗಳು ಸ್ವರ ಗುರುತಿಸುತ್ತವೆ ಎಂದಿರುವುದು ಇದೇ.

"ನಾನು ದ್ರಾಕ್ಷಾಬಳ್ಳಿ, ನೀವು ಕೊಂಬೆಗಳು" ಎಂದು ಯೇಸು ಹೇಳಿದ ಮಾತಿಗೆ ನಾನು ಮೊದಲು ಕರಿಮೆಣಸಿನ ಬಳ್ಳಿ ತೋರಿಸುತ್ತಿದ್ದೆ. ಆಮೇಲೆ ಬಿಟ್ಟೆ. ಮೆಣಸು ತೋಟದ ನೆರಳಿನ ಸಿಲ್ವರ್ ಮರಕ್ಕೆ ಹಬ್ಬುತ್ತದೆಯೇ ಹೊರತು ಅದರಿಂದ ರಸ ಹೀರುವುದಿಲ್ಲ, ಬೇರು ಬೇರೆ. ಮಕ್ಕಳು "ಯೇಸು ಸಿಲ್ವರ್ ಮರ, ನಾವು ಮೆಣಸು" ಎಂದು ತಿಳಿದರೆ ಮಾತಿನ ಅರ್ಥವೇ ತಿರುಗುಮುರುಗು. ಅದರ ಬದಲು ಕಾಫಿ ಗಿಡದ ಕಸಿ (ಗಿಡ ಸವರುವ) ಸಮಯದಲ್ಲಿ ಕತ್ತರಿಸಿ ಬಿದ್ದ ರೆಕ್ಕೆಯೊಂದನ್ನು (ಕೊಂಬೆಯೊಂದನ್ನು) ಭಾನುವಾರ ತಂದಿಟ್ಟು, ಮುಂದಿನ ಭಾನುವಾರ ಅದೇ ರೆಕ್ಕೆಯನ್ನು ತೋರಿಸಿ. ಮಾತೇ ಬೇಡ. ಯೇಸುವನ್ನು ನೋಡಲು ಕುಳ್ಳ ಜಕ್ಕಾಯ ಹತ್ತಿದ ಮರ ನಮ್ಮ ಅತ್ತಿಮರದ ಹತ್ತಿರದ ನೆಂಟ, ಕಾಂಡದ ಮೇಲೇ ಹಣ್ಣು ಬಿಡುವಂಥದ್ದು. ತೋಟದ ನೆರಳಿಗೆ ಬಿಟ್ಟ ಅತ್ತಿಮರವನ್ನು ಕಂಡ ಮಕ್ಕಳು ಕುಳ್ಳನೂ ಅದನ್ನು ಹತ್ತಬಹುದೆಂದು ತಾವೇ ಹೇಳುತ್ತಾರೆ.

6. ಗಂಟೆಯ ಲೆಕ್ಕ

ಮೊದಲ ಹತ್ತು ನಿಮಿಷ ಹಾಡು, ಕೈಸನ್ನೆಯ ಹಾಡಾದರೆ ಒಳ್ಳೆಯದು, ಮೈಯ ಚಳಿ ಬಿಡುತ್ತದೆ. ಚಿಕ್ಕ ಪ್ರಾರ್ಥನೆ, ಅದನ್ನು ಒಂದು ಮಗುವೇ ಮಾಡಲಿ. ಹೋದ ವಾರದ್ದನ್ನು ನೆನಪಿಸಲು "ಕೆರೆ-ದಡ" ಆಡಿಸಿ. ನೆಲದ ಮೇಲೆ ಗೀಟು ಹಾಕಿ, ನೀವು ಹೇಳಿದ್ದು ಸರಿಯಾದರೆ ದಡ, ತಪ್ಪಾದರೆ ಕೆರೆ. "ಯೋಸೇಫನಿಗೆ ಹನ್ನೊಂದು ಜನ ಅಣ್ಣತಮ್ಮಂದಿರು" ದಡ! "ಅವನನ್ನು ಮಾರಿದ್ದು ಅಪ್ಪ" ಕೆರೆ! ಪರೀಕ್ಷೆ ಎಂದು ಗೊತ್ತೇ ಆಗುವುದಿಲ್ಲ. ಆಮೇಲೆ ಹದಿನೈದು ನಿಮಿಷ ಕಥೆ, ಹತ್ತು ನಿಮಿಷ ಮಕ್ಕಳ ಮಾತು, ಉಳಿದದ್ದು ಕೈಕೆಲಸ, ವಾಕ್ಯ, ಕಡ್ಲೆಪುರಿ.

ಮೂರು ವರ್ಷದವರಿಂದ ಹದಿಮೂರರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಇದ್ದರೆ ಕಥೆ ಎಲ್ಲರಿಗೂ ಒಟ್ಟಿಗೆ ಹೇಳಿ, ಆಮೇಲೆ ಒಡೆಯಿರಿ. ಚಿಕ್ಕವರು ಎರಡನೇ ಟೀಚರ್ ಜೊತೆ ಬಣ್ಣಕ್ಕೆ, ದೊಡ್ಡವರು ನಿಮ್ಮ ಜೊತೆ ಪ್ರಶ್ನೆಗೆ.

7. ಕಥೆ ಹೇಳುವಾಗ

ನಿಂತು ಹೇಳಬೇಡಿ, ಅವರ ಎತ್ತರಕ್ಕೆ ಕೂರಿ. ಸತ್ಯವೇದ ತೊಡೆಯ ಮೇಲೆ ತೆರೆದಿರಲಿ, ಕಥೆ ಅಲ್ಲಿಂದ ಬರುತ್ತಿದೆ ಎಂದು ಕಾಣಬೇಕು, ಕಣ್ಣು ಮಾತ್ರ ಮಕ್ಕಳ ಮೇಲಿರಲಿ. ಪುಸ್ತಕದಲ್ಲಿ ಇರುವುದನ್ನೂ ನೀವು ಕಲ್ಪಿಸಿದ್ದನ್ನೂ ಬೆರೆಸಿ ಒಂದೇ ಮಾಡಬೇಡಿ. "ಆ ಹುಡುಗನ ಅಮ್ಮ ಬುತ್ತಿ ಕಟ್ಟಿಕೊಟ್ಟಿರಬಹುದು, ಸತ್ಯವೇದದಲ್ಲಿ ಹಾಗೆ ಬರೆದಿಲ್ಲ, ನನಗೆ ಹಾಗನ್ನಿಸುತ್ತೆ" ಎಂದು ಬಿಡಿಸಿ ಹೇಳಿದರೆ ಮಕ್ಕಳೂ ತಮಗೆ ಅನ್ನಿಸಿದ್ದನ್ನು ಹೇಳಲು ಶುರು ಮಾಡುತ್ತಾರೆ. ಯೋನನನ್ನು ನುಂಗಿದ್ದು "ದೊಡ್ಡ ಮೀನು" ಎಂದಷ್ಟೇ ಇದೆ, ತಿಮಿಂಗಿಲ ನಾವು ಸೇರಿಸಿದ್ದು.

ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ. ಆ ದಿನಕ್ಕೆಂದೇ ಬಿರುಗಾಳಿಯ ದೋಣಿಯ ಕಥೆಯನ್ನು ಎತ್ತಿಟ್ಟಿರುತ್ತೇನೆ. ನಾಲ್ಕು ಬೆಂಚು ಸೇರಿಸಿ ದೋಣಿ, ಒಬ್ಬ ಹುಡುಗ ಜರ್ಕಿನ್ ಸುತ್ತಿ ತಲೆಗಿಟ್ಟುಕೊಂಡು ಮಲಗುತ್ತಾನೆ, ಉಳಿದವರು ಕೊಡೆಗಳನ್ನು ಹುಟ್ಟು ಮಾಡಿಕೊಂಡು ಹೋರಾಡುತ್ತಾರೆ. ಮೂಕಾಭಿನಯ, ಸದ್ದೆಲ್ಲ ಮಳೆಯದ್ದೇ. ಒಮ್ಮೆ ಸರಿಯಾಗಿ ಯೇಸುವಾದವನು ಎದ್ದು ಬಿರುಗಾಳಿಗೆ "ಸುಮ್ಮನಿರು" ಎಂದು ಕೈ ಎತ್ತುವ ಹೊತ್ತಿಗೆ ಮಳೆ ನಿಜಕ್ಕೂ ಕಡಿಮೆಯಾಯಿತು. ಮಲಗಿದ್ದ ಹುಡುಗನೇ ಹೆದರಿಬಿಟ್ಟ. ಮುಂದಿನ ವರ್ಷ ಅದೇ ಕಥೆ, ಮಳೆ ಇನ್ನೂ ಜೋರಾಯಿತು. ಅದರ ಬಗ್ಗೆಯೂ ಮಕ್ಕಳು ಕೇಳಿದರು, ಒಳ್ಳೆಯ ಚರ್ಚೆ ಆಯಿತು.

ಕಥೆ ಮುಗಿದ ತಕ್ಷಣ ನೀತಿ ಹಚ್ಚಬೇಡಿ. ಒಂದು ನಿಮಿಷ ಸುಮ್ಮನಿರಿ. ಟೀಚರಿಗೆ ಇದು ಎಲ್ಲಕ್ಕಿಂತ ಕಷ್ಟದ ಹಂತ.

8. ಪ್ರಶ್ನೆಗಳಿಗೆ ಜಾಗ ಬಿಡುವುದು

ಡಿಸೆಂಬರಿನ ಒಂದು ಭಾನುವಾರ ಮತ್ತಾಯನ ಇಪ್ಪತ್ತನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯವರ ಸಾಮ್ಯ ಹೇಳಿದೆ. ಬೆಳಗ್ಗೆಯೇ ಬಂದವರಿಗೂ ಒಂದು ದಿನದ ಕೂಲಿ, ಸಂಜೆ ಐದಕ್ಕೆ ಬಂದವರಿಗೂ ಅಷ್ಟೇ ಕೂಲಿ. ನನ್ನ ಮುಂದೆ ಕೂತವರಲ್ಲಿ ಅರ್ಧ ಮಕ್ಕಳ ಅಪ್ಪ ಅಮ್ಮ ಅದೇ ವಾರ ಹಣ್ಣು ಕುಯ್ದು, ಸಂಜೆ ತೂಕ ಹಾಕಿಸಿ, ಕೆ.ಜಿ. ಲೆಕ್ಕದಲ್ಲಿ ದುಡ್ಡು ತಂದವರು. "ಇದು ಮೋಸ ಅಲ್ವಾ ಮಿಸ್?" ಎಂದು ನಾಲ್ಕನೇ ಕ್ಲಾಸಿನ ಹುಡುಗಿ ಕೇಳಿದಳು. "ನಮ್ಮಮ್ಮ ಬೆಳಗ್ಗೆಯಿಂದ ಕುಯ್ದಿರ್ತಾಳೆ." ಸಾಹುಕಾರರ ಮೊಮ್ಮಗ "ದುಡ್ಡು ಅವರ್ದು, ಯಾರಿಗೆ ಬೇಕಾದ್ರೂ ಕೊಡ್ಬಹುದು" ಅಂದ. ಸಾಮ್ಯದ ಯಜಮಾನನ ಮಾತೂ ಸುಮಾರಿಗೆ ಅದೇ! ಅಷ್ಟರಲ್ಲಿ ಮೂಲೆಯಲ್ಲಿದ್ದ ಚಿಕ್ಕವನೊಬ್ಬ, "ಸಾಯಂಕಾಲದ ತನಕ ಅವರನ್ನ ಯಾರೂ ಕರೀಲಿಲ್ವಲ್ಲ, ಅವರ ಮನೇಲೂ ಊಟ ಮಾಡ್ಬೇಕಲ್ಲ" ಅಂದ. ಅವನ ಅಪ್ಪನಿಗೆ ಕಾಲು ನೋವು, ಆ ಸೀಸನ್ನಿನಲ್ಲಿ ಅವರಿಗೆ ಸರಿಯಾಗಿ ಕೆಲಸ ಸಿಕ್ಕಿರಲಿಲ್ಲ.

ನಾನು ಏನೂ ಸೇರಿಸಲಿಲ್ಲ. ಸೇರಿಸಿದ್ದರೆ ಕೆಡುತ್ತಿತ್ತು. ಹುಡುಗಿಗೆ ಸಮಾಧಾನ ಆಗಲಿಲ್ಲ, ಆಗಬೇಕೆಂದೂ ಇಲ್ಲ.

ಕೇಳಬಹುದಾದ ಪ್ರಶ್ನೆಗಳು ಹೀಗಿರಲಿ: ಈ ಕಥೆಯಲ್ಲಿ ನಿನಗೆ ಯಾರ ಮೇಲೆ ಸಿಟ್ಟು ಬಂತು? ನೀನು ಅಲ್ಲಿದ್ದಿದ್ದರೆ ಎಲ್ಲಿ ನಿಂತಿರುತ್ತಿದ್ದೆ? ಯಾವ ಭಾಗ ನಂಬಲು ಕಷ್ಟವಾಯಿತು? "ಹೌದು" ಅಥವಾ "ವಿಧೇಯರಾಗಿರಬೇಕು" ಎಂದು ಉತ್ತರಿಸಿ ಪಾರಾಗಲು ಆಗದ ಪ್ರಶ್ನೆ ಇರಬೇಕು.

ಉತ್ತರವಿಲ್ಲದ ಪ್ರಶ್ನೆಯೂ ಬರುತ್ತದೆ. "ಎಲ್ರೂ ಪ್ರಾರ್ಥನೆ ಮಾಡಿದ್ವಿ, ಆದ್ರೂ ನಮ್ಮಜ್ಜಿ ಯಾಕೆ ಸತ್ತೋದ್ರು?" ಅದಕ್ಕೆ ಪಾಠಪುಸ್ತಕದ ಉತ್ತರ ಹುಡುಕಬೇಡಿ. "ನನಗೂ ಗೊತ್ತಿಲ್ಲ ಕಂದ" ಎಂದು ಹೇಳಿ, ಅಜ್ಜಿ ಹೇಗಿದ್ದರು ಎಂದು ಕೇಳಿ. ಅವತ್ತಿನ ಕೈಕೆಲಸ ಬಿಟ್ಟರೂ ಪರವಾಗಿಲ್ಲ.

ಸುಲಭದ್ದೂ ಬರುತ್ತವೆ. "ನಮ್ಮ ಮಾವನ ಮಗನ ಬೈಬಲಲ್ಲಿ ಜಾಸ್ತಿ ಪುಸ್ತಕ ಇವೆ." ಮಾವನ ಮನೆಯವರು ಕಥೋಲಿಕರು. ಅವರ ಬೈಬಲಿನಲ್ಲಿ ಎಪ್ಪತ್ತಮೂರು ಪುಸ್ತಕ, ನಮ್ಮದರಲ್ಲಿ ಅರುವತ್ತಾರು. ಹತ್ತು ಆಜ್ಞೆಗಳನ್ನು ಎಣಿಸುವ ಕ್ರಮವೂ ಬೇರೆ, ನಾವು ಎರಡಾಗಿ ಎಣಿಸುವ ಮೊದಲಿನವು ಅವರಿಗೆ ಒಂದೇ, ಕೊನೆಯದು ಅವರಿಗೆ ಎರಡು. ಇಷ್ಟು ಹೇಳಿ ಮುಂದೆ ಹೋಗಿ. ಯಾರದು ಸರಿ ಎಂಬ ಪಂಚಾಯ್ತಿ ಬೇಡ, ಕ್ರಿಸ್ಮಸ್‌ಗೆ ಇಬ್ಬರೂ ಒಂದೇ ಮನೆಯಲ್ಲಿ ಕಜ್ಜಾಯ ತಿನ್ನುವವರು.

9. ಕಂಠಪಾಠ ವಾಕ್ಯ

ತಿಂಗಳಿಗೆ ಎರಡು ಸಾಕು. ಚಿಕ್ಕವರಿಗೆ ಎರಡೇ ಪದ: "ದೇವರು ಪ್ರೀತಿಸ್ವರೂಪಿ", 1 ಯೋಹಾನ 4:8. ದೊಡ್ಡವರಿಗೆ ಕೀರ್ತನೆ 23ನ್ನು ಒಂದೊಂದೇ ವಚನವಾಗಿ. ಅದರಲ್ಲಿ ಆರೇ ವಚನ, ಮೂರು ತಿಂಗಳಲ್ಲಿ ಇಡೀ ಕೀರ್ತನೆ ಬಾಯಿಗೆ ಬರುತ್ತದೆ. ಕುಂಟೆಬಿಲ್ಲೆಯ ಮನೆಗಳಲ್ಲಿ ಒಂದೊಂದು ಪದ ಬರೆದು ಕುಂಟುತ್ತಾ ಹೇಳಿಸಿ. ಇಲ್ಲವೇ ಬೋರ್ಡಿನ ಮೇಲೆ ಪೂರ್ತಿ ಬರೆದು, ಪ್ರತಿ ಸಲ ಓದಿದಾಗ ಒಂದು ಪದ ಅಳಿಸುತ್ತಾ ಹೋಗಿ.

ಬಹುಮಾನದ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಯಿತು. ವಾಕ್ಯ ಹೇಳಿದವರಿಗೆ ಗೋಡೆಯ ಚಾರ್ಟಿನಲ್ಲಿ ನಕ್ಷತ್ರ, ಹತ್ತು ನಕ್ಷತ್ರಕ್ಕೆ ಜಾಮಿಟ್ರಿ ಬಾಕ್ಸ್ ಎಂದೆ. ಓದು ಹಿಂದಿದ್ದ ಹುಡುಗನೊಬ್ಬನ ಸಾಲು ಖಾಲಿಯೇ ಉಳಿಯಿತು. ಎರಡು ತಿಂಗಳಲ್ಲಿ ಅವನು ಬರುವುದನ್ನೇ ಬಿಟ್ಟ. ಚಾರ್ಟ್ ಕಿತ್ತು ಹಾಕಿ, ಅವರ ಮನೆಗೆ ಹೋಗಿ ಬಂದೆ. ಬಂದ, ಆದರೆ ಎಷ್ಟೋ ದಿನ ಕಣ್ಣೆತ್ತಿ ನೋಡಲಿಲ್ಲ. ಈಗ ಎಲ್ಲರೂ ಸೇರಿ ಹೇಳಿದರೆ ಎಲ್ಲರಿಗೂ ಒಂದೇ ಡಬ್ಬದಿಂದ ಕೊಬ್ಬರಿ ಮಿಠಾಯಿ.

10. ಕೈಕೆಲಸ, ಗಲಾಟೆ, ಹೊರಸಂಚಾರ

ಕೈಕೆಲಸಕ್ಕೆ ಅಂಗಡಿಗೆ ಹೋಗಬೇಡಿ. ಹಳೆ ಕ್ಯಾಲೆಂಡರಿನ ಬೆನ್ನು, ಮದುವೆ ಕಾರ್ಡು, ಉದುರಿದ ಸಿಲ್ವರ್ ಎಲೆ, ಅಡಿಕೆ ಹಾಳೆ. ಹಾಳೆಯಿಂದ ದೋಣಿ ಆಗುತ್ತದೆ, ಕಿರೀಟ ಆಗುತ್ತದೆ, ಕೂಸು ಯೇಸುವಿನ ಗೋದಲಿಯೂ ಆಗುತ್ತದೆ.

ಗಲಾಟೆ ಮಾಡುವವನನ್ನು ಹೊರಗೆ ಕಳಿಸಬೇಡಿ, ಹೊರಗೆ ರಸ್ತೆ ಇದೆ. ಅವನಿಗೊಂದು ಕೆಲಸ ಕೊಡಿ, ಹಾಳೆ ಹಂಚುವುದು, ಗಂಟೆ ಬಾರಿಸುವುದು. ಹೊಡೆಯುವುದಂತೂ ಇಲ್ಲವೇ ಇಲ್ಲ, "ನಾನೇ ಹೇಳ್ತಿದೀನಿ, ನಾಲ್ಕು ಬಿಡಿ" ಎಂದು ಅವನ ಅಪ್ಪನೇ ಹೇಳಿದರೂ.

ವರ್ಷಕ್ಕೊಮ್ಮೆ ಹೊರಗೆ ಕರೆದೊಯ್ಯಿರಿ. ನಾವು ಬೇಸಿಗೆಯಲ್ಲಿ ಶೆಟ್ಟಿಹಳ್ಳಿಗೆ ಹೋಗುತ್ತೇವೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರೆಬರೆ ಮುಳುಗುತ್ತದೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ಗೋಡೆ ಶಿಥಿಲ, ಆದ್ದರಿಂದ ಕಮಾನಿನ ಕೆಳಗೆ ಬಿಡಬೇಡಿ, ನೀರಿನ ಅಂಚಿಗೆ ಮೊದಲೇ ಬೇಡ. ದೂರದಲ್ಲಿ ಕೂರಿಸಿ, ಯೆರೂಸಲೇಮಿನ ಮುರಿದ ಗೋಡೆಯನ್ನು ನೋಡಲು ರಾತ್ರಿ ಹೋದ ನೆಹೆಮೀಯನ ಕಥೆ ಹೇಳಿ. ನಾನು ಹೇಳಿದಾಗ ಒಬ್ಬ ಹುಡುಗಿ ಕೇಳಿದ್ದು ನೆಹೆಮೀಯನ ಬಗ್ಗೆ ಅಲ್ಲ. "ಇಲ್ಲಿದ್ದೋರೆಲ್ಲ ಆಮೇಲೆ ಕ್ರಿಸ್ಮಸ್‌ಗೆ ಎಲ್ಲಿಗೆ ಹೋದ್ರು ಮಿಸ್?"

ಕ್ರಿಸ್ಮಸ್ ನಾಟಕದ ಬಗ್ಗೆ ಇಷ್ಟೇ: ಮರಿಯಳ ಪಾತ್ರವನ್ನು ಬೆಳ್ಳಗಿರುವ ಹುಡುಗಿಗೇ ಕೊಡುವ ಚಾಳಿ ಬಿಡಿ. ಕುರಿ ಎಷ್ಟು ಬೇಕಾದರೂ ಇರಬಹುದು, ಮಾತು ಬಾರದವರನ್ನೆಲ್ಲ ಕುರಿ ಮಾಡಿ. ಕಂಬಳಿಗಳನ್ನು ಆಯಾ ಮನೆಗೇ ವಾಪಸ್ ಕೊಡುವುದನ್ನು ಮಾತ್ರ ಮರೆಯಬೇಡಿ.

11. ಮೊದಲ ಪಾಠ ಯಾವುದಿರಲಿ

ನನ್ನ ಹಾಗೆ ಸೃಷ್ಟಿಯಿಂದ ಶುರು ಮಾಡಬೇಡಿ. ಯೋನನಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ, ಹಡಗು, ಬಿರುಗಾಳಿ, ಮೀನು, ಸಿಟ್ಟು, ಹುಳ ತಿಂದ ಗಿಡ, ಎಲ್ಲ ಇದೆ. ಹೆಚ್ಚಿನವರು ಮೀನು ಕಕ್ಕಿದಲ್ಲಿಗೆ ನಿಲ್ಲಿಸುತ್ತಾರೆ. ನೀವು ನಾಲ್ಕನೇ ಅಧ್ಯಾಯದವರೆಗೂ ಹೋಗಿ. ದೇವರು ನಿನೆವೆ ಊರನ್ನು ನಾಶಮಾಡದೆ ಬಿಟ್ಟನೆಂದು ಯೋನ ಊರ ಹೊರಗೆ ಮುಖ ಊದಿಸಿಕೊಂಡು ಕೂತಿರುತ್ತಾನೆ, ದೇವರು ಅವನನ್ನು ಕೇಳುತ್ತಾನೆ: ಎಡಗೈ ಬಲಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನಕರು ಇರುವ ಈ ಊರಿನ ಮೇಲೆ ನಾನು ಕನಿಕರ ಪಡಬಾರದೇ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟನೆಂದು ಬರೆದಿಲ್ಲ.

ನೀವೂ ಅಲ್ಲಿಗೇ ನಿಲ್ಲಿಸಿ, ಪುಸ್ತಕ ಮುಚ್ಚಿ, ಕಡ್ಲೆಪುರಿಯ ಡಬ್ಬ ತೆಗೆಯಿರಿ. ನಮ್ಮಲ್ಲಿ ತಿನ್ನುತ್ತಾ ತಿನ್ನುತ್ತಾ ಒಬ್ಬ ಕೇಳಿದ, "ದನಗಳನ್ನೂ ಎಣಿಸಿದ್ನಾ ದೇವರು?"